ಖಾಲಿ ಬಾಟಲಿಗೆ ಸೋಡಾ ತುಂಬಿದ್ದು

ನನ್ನ ಗಂಡ ಮಹಾಂತೇಶ ತೀರಿಕೊಂಡಾಗ ಅವನ ಕಂಪ್ಯೂಟರಿನಲ್ಲಿ ಒಂದು ಗೋಲಿ ಸೋಡಾ ಬಾಟಲಿಯ ಚಿತ್ರ ಅರ್ಧಕ್ಕೆ ಉಳಿದಿತ್ತು. ಹರಿಹರದ ಕುಬೇರಪ್ಪನವರ ಸೋಡಾಕ್ಕೆ ಕೇಬಲ್ ಟೀವಿಯ ಜಾಹೀರಾತು ಮಾಡಿಕೊಡಲು ಒಪ್ಪಿಕೊಂಡಿದ್ದ. ಗಾಜು ಮಾಡಿದ್ದ, ಕುತ್ತಿಗೆಯಲ್ಲಿ ಗೋಲಿ ಕೂರಿಸಿದ್ದ. ಸೋಡಾ ತುಂಬಿರಲಿಲ್ಲ.

ಎಂಟು ತಿಂಗಳು ನಾನು ಆ ಕೋಣೆಗೆ ಹೋಗಲಿಲ್ಲ. ೧೯೯೮ರ ಮಾರ್ಚಿನಲ್ಲಿ ಮೈದುನ ಕೊಟ್ಟೂರೇಶ ಶಾಮನೂರಿನಿಂದ ಬಂದ.

"ಅತ್ತಿಗೆಮ್ಮ, ಆ ಕಂಪ್ಯೂಟರ್ ಸುಮ್ನೆ ಧೂಳು ತಿಂತೈತೆ. ನನ್ನ ಗೊಬ್ಬರದ ಅಂಗಡಿಗೆ ಒಯ್ಯಲಾ?"

"ಕುಬೇರಪ್ಪನವರ ಕೆಲಸ ಬಾಕಿ ಐತೆ," ಎಂದೆ. ಆ ಮಾತು ಎಲ್ಲಿಂದ ಬಂತೋ.

"ಅವರು ಒಪ್ಪಿದ್ರೆ ಇಲ್ಲೇ ಇರ್ಲಿ. ಇಲ್ಲಾಂದ್ರೆ ಬರೋ ವಾರದ ಭಾನುವಾರ ಟೆಂಪೋ ತರ್ತೀನಿ."

ಆ ರಾತ್ರಿ ಕೋಣೆಯ ಬಾಗಿಲು ತೆಗೆದು ಕಂಪ್ಯೂಟರ್ ಮುಂದೆ ಕೂತೆ. ನಾನು ಓದಿದ್ದು ಇಂಜಿನಿಯರಿಂಗ್. ಬೆಳಕು ಗಾಜಿನಲ್ಲಿ ಎಷ್ಟು ಬಾಗುತ್ತದೆ, ನೀರಿನಲ್ಲಿ ಎಷ್ಟು, ಆ ಅಂಕಿಗಳು ನೆನಪಿದ್ದವು. ಕಂಪ್ಯೂಟರ್ ಚಿತ್ರದ ಒಂದೊಂದು ಚುಕ್ಕಿಗೂ ಒಂದೊಂದು ಕಿರಣದ ಬೆನ್ನು ಹತ್ತಿ ಹೋಗುತ್ತಿತ್ತು. ಚಿತ್ರ ಮೇಲಿನಿಂದ ಒಂದೊಂದೇ ಸಾಲಾಗಿ ಇಳಿಯುತ್ತಿತ್ತು. ಮುಗಿಯಲು ಐದಾರು ತಾಸು. ನೋಡುತ್ತ ಕೂತರೆ ಕಿರಣದ ಜೊತೆ ನಾನೂ ಒಳಗೆ ಹೋದಂತಾಗುತ್ತಿತ್ತು. ಆ ಗಾಜಿನ ಹಸಿರಿನೊಳಗೆ ಸದ್ದಿರಲಿಲ್ಲ, ವಾರವಿರಲಿಲ್ಲ, ತಾರೀಖಿರಲಿಲ್ಲ.

ಸೋಡಾವನ್ನು ಬಾಟಲಿಯ ಒಳಮೈಗಿಂತ ಕೂದಲೆಳೆಯಷ್ಟು ಸಣ್ಣದು ಮಾಡಿದ್ದೆ. ಎರಡು ಮೈಗಳು ಒಂದೇ ಕಡೆ ಕೂತರೆ ಕಂಪ್ಯೂಟರಿನ ಲೆಕ್ಕ ತಪ್ಪಿ ಕಪ್ಪು ಚುಕ್ಕಿಗಳು ಏಳುತ್ತಿದ್ದವು. ಅಲ್ಲದೆ, ಮಹಾಂತೇಶ ಮಾಡಿಟ್ಟ ಗಾಜಿಗೆ ಏನನ್ನೂ ತಾಗಿಸಲು ಮನಸ್ಸಿರಲಿಲ್ಲ.

ಶುಕ್ರವಾರ ಪ್ರಿಂಟ್ ಹಿಡಿದು ಹರಿಹರದ ಬಸ್ಸು ಹತ್ತಿದೆ. ಕುಬೇರಪ್ಪನವರು ಪ್ರಿಂಟಿನ ಪಕ್ಕದಲ್ಲಿ ನಿಜವಾದ ಬಾಟಲಿ ಇಟ್ಟು ನೋಡಿದರು.

"ಬಾಟ್ಲಿ ಚೆಂದ ಐತೆ, ತಂಗಿ. ಈ ಸೋಡಾ ಯಾಕ ಮಡಿ ಉಟ್ಕೊಂಡಂಗೆ ದೂರ ನಿಂತೈತೆ?"

ಬಾಟಲಿ ತೊಳೆಯುತ್ತಿದ್ದ ನಬೀ ಸಾಬ್ ಇಣುಕಿ ನಕ್ಕ. "ಸೋಡಾ ಎಲ್ಲೈತ್ರಿ? ಬಾಟ್ಲಿಯೊಳಗೆ ಇನ್ನೊಂದ್ ಬಾಟ್ಲಿ ಇಟ್ಟಾರೆ."

"ನೀ ತೊಳಿಯಪ್ಪ," ಎಂದ ಕುಬೇರಪ್ಪನವರು ಆ ತುಂಬಿದ ಬಾಟಲಿಯನ್ನೇ ನನ್ನ ಕೈಗಿಟ್ಟರು. "ಇದನ್ನ ಒಯ್ದು ನೋಡು. ಭಾನುವಾರ ನಾನೇ ಬರ್ತೀನಿ. ಆಗ್ಲೂ ಹಿಂಗೇ ಇದ್ರೆ ಬ್ಯಾಡ ಬಿಡು."

ಬಸ್ಸಿನ ಕಿಟಕಿಗೆ ಬಾಟಲಿ ಹಿಡಿದೆ. ಹೊಲಗಳು ಅದರೊಳಗೆ ಹಿಂದುಮುಂದಾಗಿ ಹರಿದವು. ಮೇಲೆ, ಸೋಡಾ ಇಲ್ಲದ ಕಡೆ, ಗಾಜು ದಪ್ಪಗೆ ಕಾಣುತ್ತಿತ್ತು. ಸೋಡಾ ಇದ್ದ ಕಡೆ ಒಳಗೋಡೆಯೇ ಇರಲಿಲ್ಲ. ಸೋಡಾ ಹೊರ ಅಂಚಿನವರೆಗೂ ಬಂದು ನಿಂತಿತ್ತು.

ಭಾನುವಾರ ಬೆಳಿಗ್ಗೆ ಸೋಡಾವನ್ನು ಹಿಗ್ಗಿಸಿ ಮಹಾಂತೇಶನ ಗಾಜಿನೊಳಕ್ಕೇ ಕೂದಲೆಳೆಯಷ್ಟು ನುಗ್ಗಿಸಿದೆ. ನಿಜದ ನೀರು ಹಾಗೆ ಮಾಡುವುದಿಲ್ಲ. ಲೆಕ್ಕಕ್ಕೆ ಹಾಗೆ ಬೇಕಿತ್ತು.

ಮಧ್ಯಾಹ್ನ ಟೆಂಪೋ ಬಂತು. ಹಿಂದೆಯೇ ಕುಬೇರಪ್ಪನವರೂ ಬಂದರು. ಪರದೆಯ ಮೇಲೆ ಕುತ್ತಿಗೆ ಮುಗಿದಿತ್ತು, ಗೋಲಿ ಮುಗಿದಿತ್ತು. ಸೋಡಾ ಇನ್ನೂ ಶುರುವಾಗಿರಲಿಲ್ಲ.

ಕೊಟ್ಟೂರೇಶ ಮೇಜಿನ ಹಿಂದೆ ಬಗ್ಗಿದ.

"ವೈರಿಗೆ ಕೈ ಹಾಕ್ಬ್ಯಾಡ, ಕೂಡು," ಎಂದರು ಅತ್ತೆ ಗುರುಶಾಂತಮ್ಮ ಬಾಗಿಲಿನಿಂದ.

"ಎಷ್ಟೊತ್ತಬೇ ಇದು?"

"ಅನ್ನ ಬೇಯೋತನಕ ಕಾಯ್ತೀಯಲ್ಲ, ಹಂಗೆ."

ಎಲ್ಲರೂ ಕೂತೆವು. ಒಂದು ಸಾಲು, ಇನ್ನೊಂದು ಸಾಲು. ಸೋಡಾದ ಮೇಲ್ಮೈ ಬೆಳ್ಳಿಯ ಗೆರೆಯಂತೆ ಮೂಡಿತು. ಅದರ ಕೆಳಗೆ ಗಾಜಿನ ದಪ್ಪ ಕರಗಿತು. ಚಿತ್ರದಲ್ಲಿ ಬಾಟಲಿಯ ಹಿಂದಿದ್ದ ಕಿಟಕಿ ಎಡಬಲ ಅದಲುಬದಲಾಗಿ ತೇಲಿತು. ಕುಬೇರಪ್ಪನವರು ಪರದೆಯ ಹತ್ತಿರ ಅಂಗೈ ಒಯ್ದು ಹಿಂದೆ ತೆಗೆದರು.

"ತಣ್ಣಗೈತೆ," ಎಂದರು. "ಇದನ್ನೇ ಟೀವ್ಯಾಗೆ ಹಾಕ್ಸು, ತಂಗಿ."

ಕೊಟ್ಟೂರೇಶ ಎದ್ದು ಹೊರಗೆ ಹೋಗಿ ಟೆಂಪೋದವನಿಗೆ ಏನೋ ಹೇಳಿದ. ಟೆಂಪೋ ಖಾಲಿಯಾಗಿಯೇ ತಿರುಗಿಕೊಂಡಿತು.

ಮಹಾಂತೇಶ ಮಾಡಿದ್ದು ಎಲ್ಲಿ ಮುಗಿಯಿತು, ನನ್ನದು ಎಲ್ಲಿ ಶುರುವಾಯಿತು ಎಂದು ಹುಡುಕಿದೆ. ಸಿಗಲಿಲ್ಲ. ಚಿತ್ರದ ಕೆಳಗಿನ ಕಾಲುಭಾಗ ಇನ್ನೂ ಕಪ್ಪಗಿತ್ತು. ಕುರ್ಚಿ ಹತ್ತಿರ ಎಳೆದುಕೊಂಡೆ.