ರುದ್ರಮುನಿಯವರ ಕೈ

ಕ್ಯಾಮೆರಾ ಮಾರಲು ನಾನು ಒಪ್ಪಿದ್ದೇ ಸಿಟ್ಟಿನಿಂದ. ನಮ್ಮನೆಯವರು ತೀರಿಹೋಗಿ ಐದು ತಿಂಗಳಾಗಿತ್ತು. ಸ್ಟುಡಿಯೋದ ಬೀರು ತೆಗೆದಾಗಲೆಲ್ಲ ಆ ಕಪ್ಪು ಬ್ಯಾಗು ಕಾಣುತ್ತಿತ್ತು, ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ತೊಲಗಲಿ ಆ ಶನಿ ಎಂದು ಗೊತ್ತಿದ್ದವರಿಗೆಲ್ಲ ಹೇಳಿಬಿಟ್ಟೆ. ಜಗಳೂರಿನ ಪ್ರದೀಪ್ ಎಂಬ ಮದುವೆ ಫೋಟೋಗ್ರಾಫರ್ ಫೋನ್ ಮಾಡಿದ. ಬುಧವಾರ ಹನ್ನೊಂದು ಗಂಟೆಗೆಲ್ಲ, ಅಷ್ಟು ದೂರದಿಂದ ಬೈಕಿನಲ್ಲೇ ಬಂದು ಅಂಗಡಿ ಮುಂದೆ ನಿಂತ.

ನಮ್ಮ ಸ್ಟುಡಿಯೋ ಇರುವುದು ನ್ಯಾಮತಿ ಬಸ್ ಸ್ಟ್ಯಾಂಡಿನ ಎದುರಿಗೆ. ಮದುವೆ, ಗೃಹಪ್ರವೇಶ, ತೊಟ್ಟಿಲ ಕಾರ್ಯ ಎಲ್ಲ ಅವರದು. ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್, ಗಿರಾಕಿಗಳ ಜೊತೆ ಜಗಳ ನನ್ನದು. ಈ ಪ್ರೇಮಲತಾಳ ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ, ಹೇಳಲಿ ಬಿಡಿ. ಇಪ್ಪತ್ತೇಳು ವರ್ಷ ಆ ಬಾಯಿಂದಲೇ ಅಂಗಡಿ ನಡೆದಿದ್ದು. ಅವರಾದರೋ ಯಾರಾದರೂ ಎರಡು ಮಾತು ಗಟ್ಟಿಯಾಗಿ ಆಡಿದರೆ ಕತ್ತಲೆ ಕೋಣೆಗೆ ಹೋಗಿ ಕೂರುವ ಆಸಾಮಿ.

ಪ್ರದೀಪ್ ಕ್ಯಾಮೆರಾ ಎತ್ತಿ ಗೋಡೆಯ ಕ್ಯಾಲೆಂಡರಿಗೆ ಗುರಿ ಹಿಡಿದ. ಕಿರ್ ಎಂದಿತು. ಮತ್ತೆ ಕಿರ್ ಕಿರ್ ಎಂದಿತು.

"ಅಕ್ಕಾ, ಫೋಕಸ್ ಹಿಡಿತಾ ಇಲ್ವಲ್ಲ ಇದು."

"ಸರಿಯಾಗಿ ಹಿಡ್ಕೊಂಡು ನೋಡ್ರಿ. ಕೈ ಗಟ್ಟಿ ಇದ್ರೆ ಹಿಡೀತೈತೆ."

ಅವನು ಉಸಿರು ಬಿಗಿಹಿಡಿದು ಮತ್ತೆ ನೋಡಿದ. ಜೂಮ್ ಲೆನ್ಸು ಹಿಂದಕ್ಕೂ ಮುಂದಕ್ಕೂ ತಡಕಾಡುತ್ತಲೇ ಇತ್ತು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಕ್ಯಾಲೆಂಡರಿನ ಅಂಕಿಗಳು ಒಂದು ಗಳಿಗೆ ಮೂಡಿ, ಮತ್ತೆ ಕರಗಿ ಹೋಗುತ್ತಿದ್ದವು. ಅವನಿಗೆ ಮೂವತ್ತು ವರ್ಷವೂ ಆಗಿರಲಿಲ್ಲ, ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ನಾನು ಕೌಂಟರ್ ಬಿಟ್ಟು ಅವನ ಪಕ್ಕಕ್ಕೆ ಬಂದು ನಿಂತೆ.

ಯಾಕೆಂದು ಹೇಳುತ್ತೇನೆ. ಹೋದ ದೀಪಾವಳಿಯಿಂದೀಚೆಗೆ ನಮ್ಮನೆಯವರು ತೆಗೆದ ಮದುವೆ ಫೋಟೋಗಳೆಲ್ಲ ಮಸುಕು ಬಂದವು. ಸಾಸ್ವೆಹಳ್ಳಿ ಮುರುಗೇಶಪ್ಪನ ಮಗಳ ಮದುವೆಯದಂತೂ ಕೇಳಲೇಬೇಡಿ. ಮಾಂಗಲ್ಯ ಕಟ್ಟುವ ಹೊತ್ತಿನ ಒಂದೇ ಒಂದು ಫೋಟೋ ನೆಟ್ಟಗಿರಲಿಲ್ಲ. ಮಂಟಪದ ಹಿಂದಿನ ಪರದೆಗೆ ಚುಚ್ಚಿದ ಪ್ಲಾಸ್ಟಿಕ್ ಹೂವು ಚೊಕ್ಕವಾಗಿ ಬಂದಿತ್ತು, ಮದುಮಗಳ ಮುಖ ಹಬೆಯೊಳಗಿನಿಂದ ಕಂಡಂತಿತ್ತು. ಮುರುಗೇಶಪ್ಪ ಆಲ್ಬಮ್ ತಂದು ಕೌಂಟರಿನ ಮೇಲೆ ಬಿಸಾಕಿದ.

"ಏನ್ರೀ ಇದು? ನನ್ ಮಗಳಿಗೆ ಇನ್ನೊಂದ್ಸಲ ತಾಳಿ ಕಟ್ಸಾಕೆ ಆಗ್ತೈತೇನ್ರೀ? ನಿಮ್ ಯಜಮಾನ್ರು ರುದ್ರಮುನಿಯವ್ರ ಕೈ ನಡುಗ್ತೈತೆ. ಸುಮ್ನೆ ಕೆಲ್ಸ ಬಿಡಾಕೆ ಹೇಳ್ರಿ."

ಬೇರೆ ಯಾರ ವಿಷಯಕ್ಕಾದರೂ ಆಗಿದ್ದರೆ ಅವನ ಏಳು ತಲೆಮಾರು ಜಾಲಾಡುತ್ತಿದ್ದೆ. ಅವತ್ತು ನಾನು ಅಂದದ್ದು ಇಷ್ಟು: "ಹೌದ್ರೀ ಅಣ್ಣಾ, ನಾನೂ ಅದನ್ನೇ ಬಡ್ಕೊಂತಾ ಇದೀನಿ." ಅವರು ಒಳಗಿನ ಕೋಣೆಯಲ್ಲೇ ಇದ್ದರು. ಮಧ್ಯೆ ಇದ್ದದ್ದು ಒಂದು ಪರದೆ ಬಟ್ಟೆ.

ಅವರಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ವಯಸ್ಸು ಐವತ್ತನಾಲ್ಕು. ಹಾಗಾಗಿ ಎಲ್ಲರಿಗೂ ನಂಬುವುದು ಸುಲಭವಾಯಿತು, ಕೊನೆಗೆ ಅವರಿಗೂ. ಲೆನ್ಸು ಕಿರ್ ಎಂದು ತಡಕಾಡಿದರೂ ತಮ್ಮ ಕೈ ಅಲುಗಿದ್ದಕ್ಕೇ ಎಂದುಕೊಂಡರು. ಗೋವಿನಕೋವಿಯ ಮದುವೆಯೊಂದರ ಕೆಲಸ ಗೊತ್ತಾಗಿತ್ತು, ಆ ಮನೆಯವರೂ ಬೇಡವೆಂದು ಹೇಳಿ ಕಳಿಸಿದರು. ಆಮೇಲೆ ನಮ್ಮನೆಯವರು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದರು. ಮಾಘ ಮಾಸದ ಒಂದು ಬೆಳಿಗ್ಗೆ ಅಂಗಡಿ ಶಟರ್ ಎತ್ತುತ್ತಿದ್ದವರು ಹಾಗೇ ಕುಸಿದು ಕೂತರು, ಏಳಲಿಲ್ಲ. ಕೈ ಹೋಯಿತಲ್ಲ ಎಂಬ ಕೊರಗಿನಲ್ಲೇ ಹೋದರು ಎಂದು ಮಣ್ಣಿಗೆ ಬಂದವರೆಲ್ಲ ಆಡಿಕೊಂಡರು. ನಾನೂ ಹೌದೌದು ಎಂದು ಅತ್ತೆ.

ಈಗ ಈ ಹುಡುಗನ ಗಟ್ಟಿ ಕೈಯಲ್ಲೂ ಅದೇ ಮಸುಕು ಬರುತ್ತಿದೆ!

"ಪ್ರದೀಪಾ, ತಗೊಳ್ಳೋದು ಬಿಡೋದು ಆಮೇಲೆ. ಇದು ಕೈಯಿಂದ ಆಗಿದ್ದೋ ಕ್ಯಾಮೆರಾದಿಂದ ಆಗಿದ್ದೋ, ಅಷ್ಟು ಹೇಳಿ ಹೋಗಪ್ಪಾ" ಎಂದೆ. ಬಹುವಚನ ಬಿಟ್ಟುಹೋದದ್ದು ನನಗೇ ಗೊತ್ತಾಗಲಿಲ್ಲ.

ಅವನು ಒಳ್ಳೆಯವನು. ಅಂಗಿ ತೋಳು ಮಡಚಿ ಕೂತ. ಲೆನ್ಸಿನ ಪಕ್ಕದ ಸ್ವಿಚ್ಚನ್ನು ಹಿಂದೆ ಮುಂದೆ ತಳ್ಳಿ, ಮತ್ತೆ ತಾನಾಗಿ ಫೋಕಸ್ ಹಿಡಿಯುವ ಆಟೋಗೇ ತಂದ. ಆಗಲಿಲ್ಲ. ಮುಂದಿನ ಗಾಜು ಒರೆಸಿದ. ಸೆಟ್ಟಿಂಗ್ ಎಲ್ಲ ಅಳಿಸಿ ಹೊಸದಾಗಿ ಮಾಡಿ, ನಡುವಿನ ಒಂದೇ ಚುಕ್ಕಿ ಇಟ್ಟ. ಆಗಲಿಲ್ಲ. ತನ್ನ ಬ್ಯಾಗಿನಿಂದ ಬೇರೆ ಬ್ಯಾಟರಿ ತೆಗೆದು ಹಾಕಿದ. ಒಳಗೆ ಬೆಳಕು ಸಾಲದೇನೋ ಎಂದು ಬಾಗಿಲಿಗೆ ಬಂದು, ಬಿಸಿಲಲ್ಲಿ ನಿಂತಿದ್ದ ಹೊನ್ನಾಳಿ ಬಸ್ಸಿನ ಬೋರ್ಡಿಗೆ ಹಿಡಿದ. ತೀರಾ ಹತ್ತಿರವಾಯಿತೆಂದು ಹಿಂದೆ ಸರಿದೂ ನೋಡಿದ. ಕಿರ್ ಕಿರ್.

"ಕ್ಯಾಮೆರಾದ್ದೇ ಅಕ್ಕಾ."

"ಐದು ತಿಂಗಳು ಬೀರುವಲ್ಲಿ ಬಿದ್ದಿತ್ತಲ್ಲ, ಈಗ ಕೆಟ್ಟಿರ್ಬೋದು. ಮುಂಚೆ ಚೆನ್ನಾಗೇ ಇತ್ತೇನೋ."

ಹಾಗೆ ಹೇಳಿದವಳು ನಾನೇ. ನಿಜ ಹೇಳುತ್ತೇನೆ, ನಾಚಿಕೆ ಏನು? ಈಚೆಗೆ ಕೆಟ್ಟಿರಲಿ ಶಿವನೇ, ಆಗ ಕೈಯೇ ನಡುಗಿರಲಿ ಎಂದು ಒಳಗೊಳಗೇ ಬೇಡಿಕೊಂಡೆ. ಅವರ ಕೈ ನಡುಗಿದ್ದರೆ ನಾನು ಅಂದದ್ದು ಬರೀ ನಿಜ. ನಡುಗಿರದಿದ್ದರೆ ನಾನೇನು ಮಾಡಿದ ಹಾಗಾಯಿತು?

"ಲೆನ್ಸ್ ಬಿಚ್ಚಿ ನೋಡ್ಲಾ?"

"ಒಳಗೆ ಧೂಳು ಹೋಗ್ತೈತೆ ಅಂತ ಅವ್ರು ಬಿಚ್ತಾನೇ ಇರ್ಲಿಲ್ಲ. ಎಲ್ಲಾದಕ್ಕೂ ಅದೊಂದೇ ಲೆನ್ಸು."

"ನಿಧಾನಕ್ಕೆ ಬಿಚ್ತೀನಿ."

ಗುಂಡಿ ಒತ್ತಿ ತಿರುಗಿಸಿದ. ಲೆನ್ಸನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದ. ಅದರ ಹಿಂದಿನ ಅಂಚಿನಲ್ಲಿ ಚಿನ್ನದ ಬಣ್ಣದ ಪುಟ್ಟ ಚುಕ್ಕಿಗಳ ಸಾಲಿದೆ, ಕ್ಯಾಮೆರಾ ಲೆನ್ಸಿಗೆ ಏನು ಹೇಳಬೇಕಾದರೂ ಅವುಗಳ ಮೂಲಕವೇ ಹೇಳುವುದಂತೆ. ಚುಕ್ಕಿಗಳ ಮೇಲೆ ಬೂದು ಬಣ್ಣದ್ದೇನೋ ಒಣಗಿ ಅಂಟಿತ್ತು.

"ಇದೇನಕ್ಕಾ, ವಿಭೂತಿ ಇದ್ದಂಗೈತೆ! ಇಲ್ಲಿಗೆ ಹೆಂಗೆ ಬಂತು?"

ನನಗೆ ಗೊತ್ತಿತ್ತು. ಪ್ರತಿ ವರ್ಷ ಆಯುಧಪೂಜೆಗೆ ಕ್ಯಾಮೆರಾಕ್ಕೆ ವಿಭೂತಿ ಎಳೆದು, ಕುಂಕುಮವಿಟ್ಟು, ಸೇವಂತಿಗೆ ಏರಿಸುತ್ತಿದ್ದವಳು ನಾನು. ಮಾರನೆಯ ದಿನ ಅವರು ಬಟ್ಟೆ ತಗೊಂಡು ಎಲ್ಲ ಒರೆಸಿಬಿಡುತ್ತಿದ್ದರು. "ಕೈಗೆ ಅಂಟ್ತೈತೆ ಮಾರಾಯ್ತಿ" ಎನ್ನುತ್ತಿದ್ದರು. ನನಗೆ ಉರಿದುಹೋಗುತ್ತಿತ್ತು. ಹೋದ ವರ್ಷ ಡ್ರೋನ್ ಹಾರಿಸುವವರೆಲ್ಲ ಬಂದು ನಮ್ಮ ಮದುವೆಗಳು ಕಮ್ಮಿಯಾಗಿದ್ದವು. ಅದಕ್ಕೇ, ಆ ಆಯುಧಪೂಜೆಯ ದಿನ ಅವರು ಸ್ನಾನಕ್ಕೆ ಹೋದಾಗ, ಹಿಂದೆ ಯಾವಾಗಲೋ ನೋಡಿ ಕಲಿತಂತೆ ಲೆನ್ಸ್ ಬಿಚ್ಚಿದೆ. ಒದ್ದೆ ವಿಭೂತಿಯಲ್ಲಿ ಬೆರಳದ್ದಿ ಒಳಗಡೆ ಲೆನ್ಸಿನ ಅಂಚಿಗೆ ಮೂರು ಎಳೆ ಎಳೆದು ಮತ್ತೆ ಕೂರಿಸಿದೆ. ಅಲ್ಲಿ ಅವರು ಒರೆಸುವುದಿಲ್ಲವಲ್ಲ. ನನ್ನ ಗಂಡನಿಗೆ ಒಳ್ಳೆಯದಾಗಲಿ ಎಂದೇ ಮಾಡಿದ್ದು, ಬೇರೆ ಯಾತಕ್ಕೆ? ಯಾರಿಗೂ ಹೇಳಲಿಲ್ಲ.

ಆಯುಧಪೂಜೆಯಾದ ಮೂರು ವಾರಕ್ಕೆ ದೀಪಾವಳಿ. ಮೊದಲ ಮಸುಕು ಫೋಟೋ ಬಂದದ್ದು ಆಗಲೇ.

ಪ್ರದೀಪ್ ಮೆತ್ತನೆ ಬಟ್ಟೆಗೆ ಸ್ಪಿರಿಟ್ ಹಚ್ಚಿ ಚುಕ್ಕಿಗಳನ್ನು ಒಂದೊಂದಾಗಿ ಒರೆಸಿದ. ಲೆನ್ಸ್ ಕೂರಿಸಿ ಬಸ್ಸಿನ ಬೋರ್ಡಿಗೆ ಹಿಡಿದ. ಪಿಕ್ ಎಂದಿತು. ಅಷ್ಟೇ. ಹೊನ್ನಾಳಿ ಎಂಬ ಅಕ್ಷರ ಕೆತ್ತಿಟ್ಟಂತೆ ಬಂತು.

"ಆಯ್ತಕ್ಕಾ! ಚಿನ್ನದಂಥ ಕ್ಯಾಮೆರಾ! ಎರಡು ನಿಮಿಷದ ಕೆಲ್ಸ!"

ಎರಡು ನಿಮಿಷದ ಕೆಲಸ. ಸೆರಗು ಬಾಯಿಗೆ ತುರುಕಿಕೊಂಡರೂ ಅಳು ನಿಲ್ಲಲಿಲ್ಲ. ಪಾಪ, ಅವನು ಗಾಬರಿಯಾಗಿ ನೀರು ತಂದುಕೊಟ್ಟ. ಗಂಡನ ನೆನಪಾಯಿತೆಂದು ತಿಳಿದಿರಬೇಕು. ಕ್ಯಾಮೆರಾದ ಗುಂಡಿ ಒತ್ತಿ ನೋಡಿ, ಮೆಲ್ಲಗೆ ಕೇಳಿದ.

"ಕಾರ್ಡಲ್ಲಿ ಹಳೇ ಫೋಟೋ ಅದಾವೆ ಅಕ್ಕಾ. ನಿಮ್ಗೆ ಬೇಕಾ, ನೋಡ್ತೀರಾ?"

ನೋಡಿದೆ. ಎಲ್ಲವೂ ನಾನೇ. ಒಲೆ ಮುಂದೆ ನಾನು, ನಲ್ಲಿ ಹತ್ತಿರ ನಾನು, ಹೂ ಕಟ್ಟುತ್ತ ನಾನು, ತಲೆ ಬಾಚುತ್ತ ನಾನು. ನೂರಕ್ಕೂ ಮೇಲೆ ಇದ್ದವು, ಎಲ್ಲ ಕರಗಿದ ಮುಖಗಳೇ. ಮನೆಯಲ್ಲಿ ಕೂತು ಕೂತು ಅವರು ತಮ್ಮ ಕೈಯನ್ನು ತಾವೇ ಪರೀಕ್ಷೆ ಮಾಡಿಕೊಂಡಿದ್ದರು. ಕೆಲಸವಿಲ್ಲದವರ ಆಟ ಎಂದು ನಾನು ಅತ್ತ ತಿರುಗಿಯೂ ನೋಡಿರಲಿಲ್ಲ.

ಕೊನೆಯದು ಮಾತ್ರ ಹಾಗಿರಲಿಲ್ಲ. ಅದು ಅವರು ಹೋಗುವುದಕ್ಕೆ ಒಂಬತ್ತು ದಿನ ಮುಂಚಿನದು. "ಪ್ರೇಮಾ, ಒಂದೇ ಒಂದು. ಈ ಸಲ ಕೈಲೇ ಫೋಕಸ್ ತಿರುಗಿಸಿ ನೋಡ್ತೀನಿ" ಎಂದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ನಾನು ತಿರುಗಿ, "ಥೂ, ಆ ನಡುಗೋ ಕೈ ಇಟ್ಕೊಂಡು ಇನ್ನೂ ಎಷ್ಟು ಜನದ ಹತ್ರ ನಗಾಡಿಸ್ಕೊಂತೀರಿ? ಎಸೀರಿ ಅತ್ಲಾಗೆ" ಎಂದಿದ್ದೆ. ಅಷ್ಟರಲ್ಲೇ ಅವರು ಗುಂಡಿ ಒತ್ತಿ, ಕ್ಯಾಮೆರಾದ ಹಿಂದಿನ ಪರದೆಯನ್ನೇ ತುಂಬಾ ಹೊತ್ತು ನೋಡಿದರು. ಆಮೇಲೆ ಕ್ಯಾಮೆರಾ ಒಳಗಿಟ್ಟು ಬ್ಯಾಗಿನ ಜಿಪ್ ಎಳೆದರು. ಮತ್ತೆ ಅದನ್ನು ಮುಟ್ಟಲಿಲ್ಲ.

ಅವರು ನೋಡಿದ್ದು ಇದನ್ನು. ಥೂ ಎನ್ನಲು ತೆರೆದ ಬಾಯಿ, ಗಂಟಿಕ್ಕಿದ ಹುಬ್ಬು, ಕಣ್ಣಿನಲ್ಲಿ ಇದ್ದಷ್ಟೂ ತಾತ್ಸಾರ. ಒಂದು ಗೆರೆಯೂ ಮಸುಕಾಗಿರಲಿಲ್ಲ.

ಪ್ರದೀಪ್ ನನ್ನ ಮುಖ ನೋಡಲಿಲ್ಲ, ಫೋಟೋವನ್ನೇ ದೊಡ್ಡದು ಮಾಡಿ ನೋಡುತ್ತಿದ್ದ.

"ಆಟೋ ಕೆಟ್ಟಿದ್ರೂ ಕೈಲೇ ತಿರುಗಿಸಿ ಹಿಡಿದಾರೆ ನೋಡ್ರಿ. ರೆಪ್ಪೆಗೂದಲು ಎಣಿಸ್ಬೋದು. ಇಂಥ ಕೈ ನಡುಗ್ತೈತೆ ಅಂತ ಯಾರಕ್ಕಾ ಅಂದಿದ್ದು?"

"ನಾನೇ ಕಣಪ್ಪಾ" ಎಂದೆ.