ಮೀಸೆಯ ಬೆಳೆಗಾರ

ಬೀದಿಯವರೆಲ್ಲ ಬೋರ್ಡಣ್ಣ ಎಂದು ಕರೆಯುತ್ತಿದ್ದ ಪೇಂಟರಿಗೆ ಅತ್ತಿಗೆಯ ಮಾತು ಮೀರುವ ಧೈರ್ಯ ಯಾವತ್ತೂ ಇರಲಿಲ್ಲ. ಮೂಲೆಯ ಕಾಫಿ ಅಂಗಡಿ ಅತ್ತಿಗೆಯದು. ಅಲ್ಲಿ ಬೆಳಿಗ್ಗೆ ಒಂದು ಲೋಟ ಹೊಟ್ಟೆಗೆ ಬೀಳದೆ ಅವನ ಕೈ ನೆಟ್ಟಗೆ ಗೆರೆ ಎಳೆಯುತ್ತಲೂ ಇರಲಿಲ್ಲ.

ಅತ್ತಿಗೆ ದಲ್ಲಾಳಿಗಳ ಸಹವಾಸ ಬಿಟ್ಟು, ಬೆಟ್ಟದ ಮೇಲಿನ ಒಂದು ಬೆಳೆಗಾರರ ಸಂಘದಿಂದ ನ್ಯಾಯದ ಬೆಲೆಗೆ ನೇರವಾಗಿ ಬೀಜ ತರಿಸುತ್ತಿದ್ದಳು. ಇದು ಗಿರಾಕಿಗಳಿಗೂ ಗೊತ್ತಾಗಲಿ ಎಂದು, ಸಂಘದವರು ಕಳಿಸಿದ್ದ ಫೋಟೊ ಒಂದನ್ನು ಮೈದುನನ ಕೈಗಿತ್ತು, "ಬೆಳೆಗಾರರ ಮುಖ ಗೋಡೆ ಮೇಲೆ ಬರಲಿ" ಎಂದಳು.

ಫೋಟೊದಲ್ಲಿ ಹತ್ತು ಹೆಂಗಸರು, ನಡುವೆ ಗಿರಿಜಾ ಮೀಸೆಯ ಒಬ್ಬ ಗಂಡಸು. ಬೆಳೆಗಾರ ಇವನೇ, ಉಳಿದವರು ಮನೆಯವರು ಎಂದು ಬೋರ್ಡಣ್ಣ ಯಾರನ್ನೂ ಕೇಳದೆ ತೀರ್ಮಾನಿಸಿದ. ನಾಲ್ಕು ದಿನ ಏಣಿ ಇಳಿಯಲಿಲ್ಲ. ಅದರಲ್ಲಿ ಎರಡು ದಿನ ಬರೀ ಮೀಸೆಗೇ ಹೋಯಿತು. ಕೆಳಗೆ ದಪ್ಪಕ್ಷರದಲ್ಲಿ, "ನಿಮ್ಮ ಕಾಫಿ ಬೆಳೆದ ಕೈ ಇವರದು" ಎಂದು ಬರೆದ. ಸಂಘದ ಪರವಾಗಿ ತನ್ನೊಡನೆ ಫೋನಿನಲ್ಲಿ ಮಾತಾಡುವ ದೊಡ್ಡಕ್ಕನ ಗಂಡ ಇರಬೇಕೆಂದು ಅತ್ತಿಗೆಯೂ ಸುಮ್ಮನಾದಳು. ಪಕ್ಕದ ದರ್ಜಿಯಂತೂ ದಿನಾ ಆ ಮೀಸೆಗೊಂದು ನಮಸ್ಕಾರ ಹೊಡೆದೇ ಲೋಟ ಎತ್ತುತ್ತಿದ್ದ.

ಒಂದು ಮಧ್ಯಾಹ್ನ, ಅಲ್ಲಿಯವರೆಗೆ ಪೇಟೆಯ ಗೋದಾಮಿಗೆ ಮಾತ್ರ ಬರುತ್ತಿದ್ದ ಸಂಘದ ಲಾರಿ ಅಂಗಡಿ ಬಾಗಿಲಲ್ಲೇ ನಿಂತಿತು. ಅಂಗಡಿ ನೋಡಲೆಂದು ದೊಡ್ಡಕ್ಕ ತಾನೇ ಇಳಿದು ಬಂದಿದ್ದಳು. ಹಿಂದೆಯೇ ಒಳಗೆ ಕಾಲಿಟ್ಟ ಲಾರಿ ಡ್ರೈವರ್ ಗೋಡೆ ನೋಡಿ ಕಲ್ಲಾಗಿಬಿಟ್ಟ. ಅದೇ ಮೀಸೆ!

"ದೊಡ್ಡಕ್ಕಾ, ಇದು ನಾನೇ ಅಲ್ವಾ?"

ದೊಡ್ಡಕ್ಕ ಕೆಳಗಿನ ಬರಹ ಓದಿದಳು. "ನೀನು ಯಾವತ್ತಪ್ಪಾ ಕಾಫಿ ಬೆಳೆದೆ? ಚೀಲ ಎತ್ತು ಅಂದ್ರೆ ಸೊಂಟ ಹಿಡ್ಕೊಂಡು ಕೂರ್ತೀಯ!"

ಮೂಲೆಯಲ್ಲಿದ್ದ ಬೋರ್ಡಣ್ಣನಿಗೆ ಕಾಫಿ ಮೂಗಿಗೇರಿತು. ಅತ್ತಿಗೆ ಅವನತ್ತ ತಿರುಗಿದಳು.

"ಯಾರು ಅಂತ ಕೇಳೋದಲ್ವೇನೋ?"

"ಮೀಸೆ ನೋಡಿ ಅಂದ್ಕೊಂಡೆ, ಅತ್ತಿಗೆ..."

"ಕಾಫಿ ಏನು ಮೀಸೇಲಿ ಬೆಳೆಯುತ್ತಾ?" ಎಂದಳು ದೊಡ್ಡಕ್ಕ. ಅಂಗಡಿಗೆ ಅಂಗಡಿಯೇ ಗೊಳ್ಳೆಂದಿತು. ದರ್ಜಿ ಮಾತ್ರ ಮುಖ ಮುಚ್ಚಿಕೊಂಡ. ಇಷ್ಟು ದಿನದ ನಮಸ್ಕಾರವನ್ನು ಯಾರ ಹತ್ತಿರ ವಾಪಸು ಕೇಳುವುದು?

ಬೋರ್ಡಣ್ಣನ ಕಿವಿ ಕೆಂಪಾಯಿತು. "ಅಕ್ಕಾ, ಅರ್ಧ ಗಂಟೆ ಕೂತ್ಕೊಳ್ಳಿ, ನಿಮ್ಮನ್ನೇ ಬರೀತೀನಿ" ಎಂದ. ಆದರೆ ಕೂರುವುದೆಂದರೆ ದೊಡ್ಡಕ್ಕನಿಗೆ ಮೈಯೆಲ್ಲ ಮುಳ್ಳು. ಎರಡು ನಿಮಿಷಕ್ಕೇ ಎದ್ದು, ಹುರಿಯಲು ಇಟ್ಟಿದ್ದ ಚೀಲಕ್ಕೆ ಕೈ ಹಾಕಿ, ತಟ್ಟೆಗೆ ಬೀಜ ಸುರಿದುಕೊಂಡು ಆರಿಸತೊಡಗಿದಳು. ಕಪ್ಪು ಬೀಜ, ಹುಳ ಹೊಕ್ಕ ಬೀಜ ಟಪಟಪ ಹೊರಗೆ ಬಿದ್ದವು.

"ಈ ಚೀಲ ಆರಿಸಿದ್ದು ನನ್ನ ತಂಗಿನೇ. ಮಾತು ಜಾಸ್ತಿ ಅವಳಿಗೆ, ಬಾಯಿ ನಡೆದ್ರೆ ಕಣ್ಣು ನಡೆಯಲ್ಲ" ಎಂದು ಗೊಣಗಿದಳು.

"ಅಕ್ಕಾ, ಬೆರಳು ಸ್ವಲ್ಪ ನಿಲ್ಲಿಸಿ."

"ನೀನು ಬೇಗ ಬರಿ ತಮ್ಮಾ."

ಬೆರಳುಗಳು ಪೆನ್ಸಿಲ್ಲಿಗೆ ಸಿಗಲೊಲ್ಲವು. ಕೊನೆಗೆ ಬೋರ್ಡಣ್ಣ ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಪಕ್ಕದಲ್ಲೇ ಕೂತು, ತಾನೂ ಒಂದು ಹಿಡಿ ಆರಿಸಿದ. ಹತ್ತು ನಿಮಿಷಕ್ಕೆ ಕತ್ತು ಹಿಡಿಯಿತು, ಕಣ್ಣಲ್ಲಿ ನೀರು ಬಂತು. ಅವನು ಒಳ್ಳೆಯದೆಂದು ಎತ್ತಿಟ್ಟಿದ್ದರಲ್ಲಿ ಅರ್ಧಕ್ಕರ್ಧವನ್ನು ದೊಡ್ಡಕ್ಕ ಕಸಕ್ಕೆ ಎಸೆದಳು. ಎರಡು ದಿನ ಕಷ್ಟಪಟ್ಟು ಮೀಸೆ ಬರೆದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದು ನೆನಪಾಗಿ ಅವನಿಗೇ ನಗು ಬಂತು. ಆಮೇಲೆ ಎದ್ದು ಮೀಸೆಯ ಪಕ್ಕದಲ್ಲೇ ಗೋಡೆ ಮೇಲೆ ಬರೆದ. ಬೆರಳು ಈಗ ಹೇಗೋ ಒಲಿದವು.

"ನನ್ನ ಮೂಗು ಇಷ್ಟು ದಪ್ಪ ಇದ್ಯಾ?" ಎಂದು ದೊಡ್ಡಕ್ಕ ಹತ್ತಿರ ಬಂದು ನೋಡಿದಳು.

"ಇದೆ ಅಕ್ಕಾ. ಸ್ವಲ್ಪ ಕಮ್ಮಿನೇ ಮಾಡಿದೀನಿ."

"ಹೋಗಲಿ, ಈ ಸಲ ಕೇಳಿಯಾದ್ರೂ ಬರೆದ್ಯಲ್ಲ."

ಡ್ರೈವರ್ ಮಾತ್ರ ಕೈಕೈ ಹಿಸುಕಿಕೊಂಡು, "ನನ್ನ ಅಳಿಸಬೇಡಿ. ಮನೆಯವಳಿಗೆ ಒಂದ್ಸಲ ತೋರಿಸ್ಬೇಕು" ಎಂದು ಅಂಗಲಾಚಿದ. ದೊಡ್ಡಕ್ಕನೇ ಕರಗಿದಳು. ಬೋರ್ಡಣ್ಣ ಮೀಸೆಯ ಸುತ್ತ ಒಂದು ಲಾರಿ ಬರೆದು, ಕೈಗೆ ಸ್ಟೇರಿಂಗ್ ಕೊಟ್ಟು, ಕೆಳಗಿನ ಬರಹವನ್ನು ದೊಡ್ಡಕ್ಕನ ಕಡೆಗೆ ಸಾಗಿಸಿದ.

ಮುಂದಿನ ಲೋಡಿನ ಜೊತೆ ಒಂದು ಚೀಟಿಯೂ ಬಂತು. ಕಾಫಿಯನ್ನೆಲ್ಲ ದೊಡ್ಡಕ್ಕ ಒಬ್ಬಳೇ ಬೆಳೆದಳಾ ಎಂದು ಉಳಿದ ಒಂಬತ್ತು ಹೆಂಗಸರು ಜಗಳ ತೆಗೆದಿದ್ದರು. ಎಲ್ಲರಿಗಿಂತ ದೊಡ್ಡ ಅಕ್ಷರ ತಂಗಿಯದು. ಅತ್ತಿಗೆ ಅದನ್ನು ಓದಿ ಮುಗಿಸುವ ಮೊದಲೇ ಬೋರ್ಡಣ್ಣ ಎದುರಿನ ಗೋಡೆಗೆ ಏಣಿ ಒರಗಿಸಿಯಾಗಿತ್ತು.