ಕಿಟಕಿ ಕೊರೆದ ಪ್ರತಿ

ಉಗುರಿನ ಸಂದಿಯ ಅಂಟು ಏನು ಮಾಡಿದರೂ ಬಿಡಲಿಲ್ಲ. ಮಗಳು ಒದ್ದೆ ಬಟ್ಟೆಯಿಂದ ಅಪ್ಪನ ತಣ್ಣಗಾದ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿದು, ರಟ್ಟು ಹಾಕಿದ ಕೈ ಅದು.

"ಬಿಡಮ್ಮ," ಎಂದ ಅದೇ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಅಪ್ಪನ ಗೆಳೆಯ. "ನಿಮ್ಮಪ್ಪ ಕಾಯಿಸಿದ ಅಂಟು. ಬೆರಳು ಹೋದ್ರೂ ಅದು ಹೋಗಲ್ಲ."

ಹೊರಗೆ ಕಾರು ನಿಂತಿತು. ಇಳಿದವರು ದೊಡ್ಡಪ್ಪ, ಹೆಸರಾಂತ ಸಾಹಿತಿ. ಅವರ ಆತ್ಮಕಥೆ ಒಂಬತ್ತು ಸಲ ಅಚ್ಚಾಗಿತ್ತು. ಅದರಲ್ಲಿ ಆತ್ಮ ಎಷ್ಟಿತ್ತೋ, ಕಥೆಯಂತೂ ಧಾರಾಳವಾಗಿತ್ತು. ತಮಗೊಬ್ಬ ತಮ್ಮನಿದ್ದಾನೆಂಬ ಸುದ್ದಿ ಮಾತ್ರ ಎಲ್ಲೂ ಇರಲಿಲ್ಲ. ಒಂಬತ್ತು ಸಲವೂ ಅದನ್ನು ಹೊಲಿದವನು ಆ ತಮ್ಮನೇ.

ದೊಡ್ಡಪ್ಪ ಶವದ ಮುಂದೆ ಒಂದು ನಿಮಿಷ ಕಣ್ಣು ಮುಚ್ಚಿ ನಿಂತರು. ಆಮೇಲೆ ಗಂಟಲು ಸರಿಮಾಡಿಕೊಂಡರು. "ಅಮ್ಮನ ಕೊನೇ ದಿನಗಳ ಅಧ್ಯಾಯ ಓದ್ತೀನಿ. ನಾಲ್ಕು ಜನ ಸೇರಿದಾರೆ. ಪುಸ್ತಕ ಇದೆಯಾ ಮಗಳೇ? ನಂದು ಮನೇಲೇ ಉಳೀತು."

"ಓದೋದು ಬೇಡ ದೊಡ್ಡಪ್ಪಾ. 'ಅಮ್ಮನ್ನ ನೋಡಿಕೊಂಡಿದ್ದು ನನ್ನ ತಮ್ಮ' ಅಂತ ಒಂದು ಮಾತು ಹೇಳಿ, ಸಾಕು."

"ಅದೆಲ್ಲ ಈಗ್ಯಾಕೆ? ಪುಸ್ತಕ ತಾ."

ಅವಳು ಒಳಗೆ ಹೋದಳು. ಕಪಾಟಿನಲ್ಲಿ ಎರಡು ಪ್ರತಿಗಳಿದ್ದವು.

* * *

ಹೋದ ವರ್ಷ, ಒಂದು ಮಧ್ಯಾಹ್ನ. ಅಪ್ಪ ಆ ಆತ್ಮಕಥೆಯ ಹಾಳೆಗೆ ಬ್ಲೇಡು ಹಾಕುತ್ತಿದ್ದ. ಬೇಡದ ಮಾತುಗಳನ್ನು ಕೊರೆದು ತೆಗೆದು, ಬೇಕಾದವನ್ನು ಉಳಿಸುತ್ತಿದ್ದ. ಪುಟದ ತುಂಬ ಪುಟ್ಟ ಪುಟ್ಟ ಕಿಟಕಿಗಳು. ಮುಂದಿನ ಪುಟ ಇಣುಕದಂತೆ ನಡುನಡುವೆ ಖಾಲಿ ಹಾಳೆ ಸೇರಿಸಿ ಹೊಲಿದಿದ್ದ.

"ಏನಪ್ಪಾ ಇದು, ಇಲಿ ತಿಂದ ಹಾಗಿದೆ?"

"ಇಷ್ಟು ನೀಟಾಗಿ ತಿನ್ನೋ ಇಲಿ ಎಲ್ಲಿ ಸಿಗುತ್ತೆ? ಓದು."

ಅಚ್ಚಾಗಿದ್ದುದು: 'ಹನ್ನೊಂದು ತಿಂಗಳು ನಾನು ಅಮ್ಮನ ಪಕ್ಕ ಬಿಟ್ಟು ಕದಲಲಿಲ್ಲ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.'

ಉಳಿದಿದ್ದುದು: 'ಹನ್ನೊಂದು ತಿಂಗಳು ನಾನು ಬರಲಿಲ್ಲ.'

"ಒಂದಕ್ಷರ ಸೇರಿಸಿಲ್ಲ ಕಣೇ. ಎಲ್ಲ ಅಣ್ಣಂದೇ ಮಾತು. ಕಸ ಗುಡಿಸಿದ್ದಷ್ಟೇ ನಾನು."

"ಅವರಿಗೆ ತೋರಿಸಿದ್ಯಾ?"

ಅಪ್ಪ ಬ್ಲೇಡು ಒರೆಸಿಟ್ಟ. "ಈ ಕಡೆ ಬರಲಿ, ತೋರಿಸ್ತೀನಿ."

* * *

ದೊಡ್ಡಪ್ಪ ಅವಳು ಕೊಟ್ಟ ಪ್ರತಿಯಲ್ಲಿ ಅಧ್ಯಾಯ ಹುಡುಕಿದರು. ಸಭೆಗಳ ರೂಢಿ, ಕಣ್ಣಿಗಿಂತ ಬಾಯಿ ಮುಂದಿತ್ತು.

"ಹನ್ನೊಂದು ತಿಂಗಳು ನಾನು..."

ಮಾತು ನಿಂತಿತು. ಅವರ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಮೊಳೆ ಜೋಡಿಸುವವ, ಥೇಟ್ ಅವರದೇ ಭಾಷಣದ ದನಿಯಲ್ಲಿ, ಅವರ ಹಾಗೇ ಗದ್ದ ಎತ್ತಿ, ಮುಗಿಸಿದ:

"ಬರಲಿಲ್ಲ!"

ಬಾಗಿಲ ಬಳಿ ಯಾರೋ ಕಿಸಕ್ಕೆಂದರು. ನಗು ಗೋಡೆಯುದ್ದಕ್ಕೂ ಹಬ್ಬಿತು. ಮಗಳು ನಗಲಿಲ್ಲ.

"ಮುಂದೆ ಓದಿ ದೊಡ್ಡಪ್ಪಾ. ನಿಮ್ಮ ಮಾತೇ ಅದು."

ದೊಡ್ಡಪ್ಪ ಒಮ್ಮೆ ಪುಟವನ್ನೂ ಒಮ್ಮೆ ಜನರನ್ನೂ ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು, ಎಲ್ಲರಿಗಿಂತ ಜೋರಾಗಿ.

"ನೋಡಿದ್ರಾ! ಎಂಥಾ ಕಿಲಾಡಿ, ನನ್ನ ತಮ್ಮ! ಸತ್ತೂ ತಮಾಷೆ ಮಾಡ್ತಾನೆ!"

ಉಳಿದವರ ನಗು ಆರಿತು. ಅವರದು ಆರಲಿಲ್ಲ. ಕೊರೆದ ಕಿಟಕಿಯೊಂದರಲ್ಲಿ ಅವರ ತೋರುಬೆರಳು ಸಿಕ್ಕಿಕೊಂಡಿತ್ತು. ನಗುತ್ತಲೇ ಅದನ್ನು ಹಾಳೆ ಹರಿಯದಂತೆ ಮೆಲ್ಲಗೆ ಎಳೆದುಕೊಳ್ಳುತ್ತಿದ್ದರು.